ಚೆಕ್ಕುಬಂದಿ

ಹದಿಮೂರು ವರ್ಷದ ವಿಲ್ಲಂಗ ಸಾಲದು,
ಮೂಲಪತ್ರ ಬೇಕೆಂದರು ಕಂಪನಿಯವರು.
ಡೆಂಕಣಿಕೋಟೆ ರಿಜಿಸ್ಟ್ರಾರ್ ಕಚೇರಿ ಎದುರು
ತಗಡಿನ ಚಪ್ಪರದಡಿ ನನ್ನ ಮೇಜು.
ಮೂವತ್ತೊಂದು ವರ್ಷದಿಂದ ಕಂಡವರ ಜಮೀನು ಬರೆಯುತ್ತೇನೆ,
ತಮಿಳಲ್ಲಿ ಬರೆದು
ಕನ್ನಡದಲ್ಲಿ ಓದಿ ಹೇಳುತ್ತೇನೆ.
ವಿಲ್ಲಂಗ ಅಂದರೆ ಋಣಭಾರ. ತಕರಾರೂ ಹೌದು.
ಆ ಭಾಷೆ ಎರಡಕ್ಕೂ ಒಂದೇ ಮಾತಲ್ಲಿ ಸುಧಾರಿಸಿಕೊಂಡಿದೆ.

ತಳಿಯಿಂದ ಆಚೆ, ಅಂಚೆಟ್ಟಿ ದಾರಿಯಲ್ಲಿ
ನೂರಾ ಎಂಬತ್ತೆರಡು ಎಕರೆ ಹದಿನೇಳು ಸೆಂಟು.
ಊರ ಬಾಯಲ್ಲಿ ಇವತ್ತಿಗೂ ದೊರೆತೋಟ.

ಮೊದಲ ಕಾಗದ ಇಂಗ್ಲಿಷಿನದು, ಮಡಿಕೆಯಲ್ಲಿ ಹರಿದದ್ದು.
ಬರೆಸಿಕೊಂಡವನು ಕ್ಯಾಪ್ಟನ್ ಹ್ಯಾಲಿವೆಲ್.
ಊರವರಿಗೆ ನಾಲಿಗೆ ಹೊರಳದೆ
ಅಲಿವೇಲು ದೊರೆ.
ಕುದುರೆಯಿಂದ ಬಿದ್ದು ಸೊಂಟ ಹೋಗಿದ್ದವನು,
ಇಲ್ಲಿನ ಚಳಿ ತನ್ನೂರಿನ ಚಳಿಯಂತಿದೆಯೆಂದು
ರಾಗಿ ಕಿತ್ತು ಓಟ್ಸು ಬಿತ್ತಿದನಂತೆ.
ಬೇಲಿಗುಂಟ ಪೇರುಗಿಡ ನೆಟ್ಟು, ಒಂದೊಂದಕ್ಕೂ ಹೆಸರಿಟ್ಟನಂತೆ.
ಬರೆದುಕೊಟ್ಟವರು: ಸರ್ಕಾರ.
ಸರ್ಕಾರಕ್ಕೆ ಬರೆದುಕೊಟ್ಟವರು ಯಾರೆಂಬ
ಕಾಲಮು ಅದರಲ್ಲಿಲ್ಲ.

ಪೂರ್ವಕ್ಕೆ ಹಳ್ಳ,
ದಕ್ಷಿಣಕ್ಕೆ ಅಂಚೆಟ್ಟಿ ದಾರಿ,
ಪಶ್ಚಿಮಕ್ಕೆ ಆನೆಬಂಡೆ,
ಉತ್ತರಕ್ಕೆ ಮುದ್ದೀರಿ ಬಾವಿ.

ದೊರೆ ಸತ್ತ. ಸಮುದ್ರದಾಚೆ ಒಬ್ಬ ಸೋದರಳಿಯ,
ಕಾಣದ ನೆಲವನ್ನು ಕಾಣದವರಿಗೆ ಮಾರಿದ.
ಕೊಂಡವರು ಹೊಸೂರಿನ ಮಹಬೂಬ್ ಸಾಹೇಬರು,
ತೊಗಲು ಹದಮಾಡುವ ಮಂದಿ;
ಓಟ್ಸಿನ ಜಾಗದಲ್ಲಿ ತಂಗಡಿ ಹಳದಿಯಾಗಿ ಹೂತಿತು.
ಮೂರರಲ್ಲೊಂದು ಪಾಲು ಎರಡನೇ ಬೀಬಿಗೆ ಮೆಹರು.
ಅವರು ಹೊಲ ನೋಡಿದ್ದು ಒಂದೇ ಸಲ,
ಬಂಡಿಯ ಪರದೆ ಸರಿಸಿ.
ಮೂವತ್ತೊಂದರಲ್ಲಿ ಬಡ್ಡಿ ತಪ್ಪಿತು. ಅಡವು ಮುಳುಗಿತು.
ಪೆದ್ದನರಸಯ್ಯ ಶೆಟ್ಟರ ಕೈಗೆ, ಅಷ್ಟೂ.

ಪ್ರತಿ ಪತ್ರದಲ್ಲೂ ಅದೇ ಮಾತು:
ನಿಧಿ ನಿಕ್ಷೇಪ ಜಲ ಪಾಷಾಣ ಸಹಿತ
ಪುತ್ರಪೌತ್ರ ಪಾರಂಪರ್ಯವಾಗಿ
ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.
ಪೌತ್ರನ ತನಕ ಬಂದದ್ದು ಒಂದನ್ನೂ ಕಾಣೆ.

ಭೂಮಿತಿ ಕಾಯ್ದೆ ಬಂದಾಗ ಶೆಟ್ಟರ ಮಗ
ಒಂದೇ ರಾತ್ರಿ ಹನ್ನೊಂದು ಹೆಸರಿಗೆ ಹಂಚಿದ.
ತಂಗಿಯರು, ಷಡ್ಡಕ, ಅಡುಗೆಯವನು,
ಹೊಟ್ಟೆಯಲ್ಲಿದ್ದ ಕೂಸು ಒಂದು.
ಹತ್ತನೆಯದು ರೋಜಮ್ಮ, ಹದಿನಾಲ್ಕು ಎಕರೆ,
ಗಂಡನ ಹೆಸರಿನ ಜಾಗ ಖಾಲಿ.
ಅದು ಮನೆಯ ನಾಯಿ.
ಹೆಬ್ಬೆಟ್ಟು ಮಾತ್ರ ಹಾಲು ಕರೆಯುವ ಬೋಡಪ್ಪನದು;
ಶಾಯಿ ಹೆಚ್ಚಾಗಿ ಗೆರೆಗಳೆಲ್ಲ ಕೂಡಿಕೊಂಡಿವೆ.
ಅವನ ಹೆಸರಿಗೆ ಒಂದು ಸೆಂಟೂ ಇಲ್ಲ.
ಸೇಲಂ ಜಿಲ್ಲೆ ಧರ್ಮಪುರಿಯಾಯಿತು, ಕೃಷ್ಣಗಿರಿಯಾಯಿತು.
ರೋಜಮ್ಮ ಕಂದಾಯ ಕಟ್ಟುತ್ತಲೇ ಇದ್ದಳು.

ಈಗ ಅಲ್ಲಿ ಪ್ಲಾಸ್ಟಿಕ್ಕಿನ ಮನೆಗಳು, ಒಳಗೆ ಗುಲಾಬಿ.
ಜನವರಿ ಕೊನೆಗೆ ತಣ್ಣನೆ ಲಾರಿಗಳು ಸಾಲುಗಟ್ಟುತ್ತವೆ.
ಚೆನ್ನೈನಿಂದ ಬಂದ ವಕೀಲ, ಚಿಕ್ಕ ಹುಡುಗ,
ಬೆರಳಿಟ್ಟು ಕೇಳಿದ: ಈ ಉತ್ತರ ಎಲ್ಲಿ?

ಹೋಗಿ ನೋಡಿದೆ.
ನಾಲ್ಕನೇ ನಂಬರಿನ ಹೂಮನೆಯಡಿ ಮುಚ್ಚಿದ್ದಾರೆ,
ಜಲ್ಲಿ ಸುರಿದು.
ಮುದ್ದೀರಿ ಯಾರು?
ಅಡಂಗಲ್ಲಿನಲ್ಲಿಲ್ಲ, ಪಟ್ಟಾದಲ್ಲಿಲ್ಲ, ರಸೀತಿಯಲ್ಲಿಲ್ಲ.
ಗುಲಾಬಿ ಕಟ್ಟುತ್ತಿದ್ದ ಹೆಂಗಸರನ್ನು ಕೇಳಿದೆ.
ಕೂಸನ್ನು ಜೋಲಿಯಲ್ಲಿ ತೂಗಿಟ್ಟು
ಒಬ್ಬಳೇ ಅಗೆದವಳು, ಎಂದರು ಇಬ್ಬರು.
ಅಗೆದವಳಲ್ಲ, ಬಿದ್ದವಳು, ಎಂದಳು ಮೂರನೆಯವಳು,
ಮುಳ್ಳು ಸವರುವ ಕೈ ನಿಲ್ಲಿಸದೆ.

ಇಲ್ಲದ ಬಾವಿ ಯಾಕೆ, ತೆಗೆದುಹಾಕಿ, ಎಂದ ವಕೀಲ.
ಮೂಲಪತ್ರಕ್ಕೆ ತಾಳೆಯಾಗಬೇಕು, ಎಂದರು ರಿಜಿಸ್ಟ್ರಾರು.
ಮೂರು ದಿಕ್ಕಿಗೆ ಜಮೀನು ಮುಚ್ಚಿಕೊಳ್ಳುವುದಿಲ್ಲ, ಎಂದೆ ನಾನು.

ಹಾಗಾಗಿ ಈ ಮಂಗಳವಾರವೂ ಬರೆದೆ,
ತಮಿಳಲ್ಲಿ, ನಾಲ್ಕು ಪ್ರತಿ,
ಉತ್ತರಕ್ಕೆ ಮುದ್ದೀರಿ ಬಾವಿ.
ಓದಿ ಹೇಳಲು ಯಾರೂ ಕೇಳಲಿಲ್ಲ.
ಓದಿದೆ.